ಸೇವೆ ಪಡೆಯುವವರ ಕೈಗಳು

ರೋಗಿಯ ಶುಶ್ರೂಷೆಯನ್ನು ಜೈನ ಪರಂಪರೆ ವೈಯಾವೃತ್ಯವೆಂದು ಕರೆದು ಆರು ಅಭ್ಯಂತರ ತಪಸ್ಸುಗಳಲ್ಲಿ ಸೇರಿಸಿದೆ. ತತ್ತ್ವಾರ್ಥಸೂತ್ರದ ಕ್ರಮದಲ್ಲಿ ಅದು ಸ್ವಾಧ್ಯಾಯಕ್ಕೂ ಧ್ಯಾನಕ್ಕೂ ಮೊದಲೇ ಬರುತ್ತದೆ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಆದುದರಿಂದ ಸೇವೆ ಮಾಡಬೇಕೇ ಬೇಡವೇ ಎಂಬುದು ಶ್ರಾವಕರ ಮನೆಯಲ್ಲಿ ಚರ್ಚೆಯ ವಿಷಯವೇ ಅಲ್ಲ. ಚರ್ಚೆಗೆ ಬರಬೇಕಾದ ಪ್ರಶ್ನೆ ಬೇರೊಂದಿದೆ. ಸೇವೆ ಮಾಡಿದವನಿಗೆ ಪುಣ್ಯ ಲಭಿಸುತ್ತದೆ, ಸರಿ. ಸೇವೆ ಪಡೆದವನಿಗೆ ಉಳಿಯುವುದೇನು? ಅನ್ನ, ಔಷಧ, ಹಾಸಿಗೆ, ಕಡೆಗೆ ಒಂದು ಲೋಟ ನೀರು, ಎಲ್ಲವನ್ನೂ ಪರರ ಕೈಯಿಂದಲೇ ಪಡೆಯುತ್ತ ತಿಂಗಳುಗಟ್ಟಲೆ ಮಲಗಿರುವ ಮನುಷ್ಯನ ಖಾತೆಯಲ್ಲಿ ದಿನದಿನಕ್ಕೂ ಸಾಲವೇ ಬೆಳೆಯುತ್ತದೆ. ತೀರಿಸುವ ದಾರಿ ಕಾಣದ ಸಾಲಗಾರನ ಮುಖ ಹೇಗಿರುತ್ತದೆಂಬುದನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ಬಹುಕಾಲದ ರೋಗಿಯ ಮುಖದಲ್ಲಿಯೂ ಅದೇ ಛಾಯೆ ಇರುತ್ತದೆ.

ಈ ಪ್ರಶ್ನೆಯನ್ನು ಗ್ರಂಥಗಳ ನಡುವೆ ಕುಳಿತಲ್ಲ, ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ಕೇಳಿಕೊಂಡ ದಾದಿಯೊಬ್ಬರು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿದ್ದರು. ಅವರ ಹೆಸರು ಸೂಸನ್ ಟ್ರೇಸಿ. 1928ರಲ್ಲಿ ಅವರು ತೀರಿಕೊಂಡರು. ನೈಟಿಂಗೇಲರ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಟ್ರೇಸಿಯವರ ಹೆಸರು ಅವರು ಹಾಕಿಕೊಟ್ಟ ದಾರಿಯಲ್ಲಿ ನಡೆಯುವ ವೈದ್ಯಕೀಯ ವಿದ್ಯಾರ್ಥಿಗಳನ್ನು ಬಿಟ್ಟರೆ ಯಾರಿಗೂ ಅಷ್ಟಾಗಿ ತಿಳಿಯದು. ತರಬೇತಿಯ ದಿನಗಳಲ್ಲಿ ಮೂಳೆರೋಗದ ವಾರ್ಡಿನಲ್ಲಿ ಅವರು ಒಂದು ಸಂಗತಿಯನ್ನು ಗಮನಿಸಿದರು. ಕೈಯಲ್ಲಿ ಏನಾದರೊಂದು ಕೆಲಸವಿದ್ದ ರೋಗಿಗಳು ಹಾಸಿಗೆಯ ದಿನಗಳನ್ನು ಸಹಿಸುತ್ತಿದ್ದ ರೀತಿ ಬೇರೆ. ಸುಮ್ಮನೆ ಮಲಗಿದ್ದವರ ರೀತಿ ಬೇರೆ. ಗಮನಿಸಿದವರು ಅವರೊಬ್ಬರೇ ಇರಲಾರರು. ಆದರೆ ಗಮನಿಸಿದ್ದನ್ನು ಬಿಡದೆ ಹಿಡಿದುಕೊಂಡವರು ಅವರು.

ಆ ಕಾಲದಲ್ಲಿ ಅದು ಸುಲಭವಾಗಿರಲಿಲ್ಲ. ನರದೌರ್ಬಲ್ಯಕ್ಕೆ ಆಗ ಬಹುಮಾನ್ಯವಾಗಿದ್ದದ್ದು ಫಿಲಡೆಲ್ಫಿಯಾದ ಡಾ. ವಿಯರ್ ಮಿಚೆಲ್ ಅವರ ವಿಶ್ರಾಂತಿ ಚಿಕಿತ್ಸೆ. ರೋಗಿಯನ್ನು ಬಂಧುಗಳಿಂದ ಬೇರ್ಪಡಿಸಿ, ಆರೆಂಟು ವಾರ ಹಾಸಿಗೆಯಲ್ಲಿ ಮಲಗಿಸಿ, ಹಾಲು ಮುಂತಾದ ಪುಷ್ಟಿಕರ ಆಹಾರವನ್ನು ಯಥೇಚ್ಛವಾಗಿ ಉಣಿಸುತ್ತಿದ್ದರು. ಮೊದಲ ವಾರಗಳಲ್ಲಿ ಓದು, ಬರಹ, ಹೊಲಿಗೆ ನಿಷಿದ್ಧ. ತುತ್ತನ್ನೂ ದಾದಿಯೇ ಬಾಯಿಗಿಡಬೇಕು. ಹೊರಗಿನಿಂದ ನೋಡಿದವರಿಗೆ ಇದಕ್ಕಿಂತ ಪರಿಪೂರ್ಣವಾದ ಶುಶ್ರೂಷೆ ಇನ್ನಾವುದು? 1887ರಲ್ಲಿ ಈ ಚಿಕಿತ್ಸೆ ಪಡೆದ ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅವರಿಗೆ, ಇನ್ನು ಜೀವಮಾನದಲ್ಲಿ ಲೇಖನಿಯನ್ನಾಗಲಿ ಕುಂಚವನ್ನಾಗಲಿ ಮುಟ್ಟಕೂಡದೆಂದು ವೈದ್ಯರು ವಿಧಿಸಿ ಕಳುಹಿಸಿದರು. ಆ ವಿಧಿಯನ್ನು ಪಾಲಿಸಹೊರಟು ಬುದ್ಧಿಭ್ರಮಣೆಯ ಅಂಚಿಗೆ ಹೋದೆನೆಂದು ಆಕೆ ಮುಂದೆ ಹೇಳಿಕೊಂಡರು. ವಿಧಿಯನ್ನು ಬದಿಗಿಟ್ಟು ಮತ್ತೆ ಕೆಲಸ ಹಿಡಿದ ಮೇಲೆಯೇ ಚೇತರಿಸಿಕೊಂಡರು. 1892ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಕಥೆ ಹುಟ್ಟಿದ್ದು ಈ ಅನುಭವದಿಂದಲೇ. ಪ್ರೀತಿಯ ಹೆಸರಿನಲ್ಲಿ, ಒಳ್ಳೆಯ ಉದ್ದೇಶದಿಂದಲೇ ಮಾಡಿದ ಆರೈಕೆಯೂ ಒಂದು ಬಗೆಯ ಸೂಕ್ಷ್ಮ ಹಿಂಸೆಯಾಗಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಬಾಸ್ಟನ್ನಿನ ಜಮೈಕಾ ಪ್ಲೇನ್ ಬಡಾವಣೆಯಲ್ಲಿ ಸೆತ್ ಆಡಮ್ಸ್ ಎಂಬ ಸಕ್ಕರೆ ಉದ್ಯಮಿಯ ದತ್ತಿಯಿಂದ 1880ರಲ್ಲಿ ತೆರೆದ ಆಡಮ್ಸ್ ನರ್ವಿನ್ ಅಸೈಲಮ್ ಎಂಬ ಆಸ್ಪತ್ರೆ ಇತ್ತು. ಅಲ್ಲಿಯ ದಾದಿಯರ ಶಿಕ್ಷಣಶಾಲೆಯ ಹೊಣೆ ಹೊತ್ತ ಟ್ರೇಸಿಯವರು 1906ರಲ್ಲಿ ಪಾಠಕ್ರಮಕ್ಕೆ ಕರಕುಶಲ ಕಲೆಗಳನ್ನು ಸೇರಿಸಿದರು. ಗಾಯಕ್ಕೆ ಪಟ್ಟಿ ಕಟ್ಟಲು ಕಲಿತ ದಾದಿ ಬುಟ್ಟಿ ಹೆಣೆಯಲೂ ಕಲಿಯಬೇಕಾಯಿತು. ರೋಗಿಗೆ ಕಲಿಸುವವಳು ಮೊದಲು ತಾನು ಕಲಿತಿರಬೇಕಲ್ಲವೇ! 1910ರಲ್ಲಿ ಅವರ ಪುಸ್ತಕ ಹೊರಬಂದಿತು. ದಾದಿಯರಿಗೂ ಪರಿಚಾರಕರಿಗೂ ಕೈಪಿಡಿಯಾಗಲೆಂದು ಬರೆದ ಆ ಪುಸ್ತಕದ ವಿಭಾಗಕ್ರಮವೇ ವಿಶೇಷವಾದುದು. ಬುಟ್ಟಿ, ಚರ್ಮ, ಕಾಗದ ಎಂದು ಕಸುಬುಗಳನ್ನು ಅನುಸರಿಸದೆ ಅವರು ಮನುಷ್ಯರನ್ನು ಅನುಸರಿಸಿದರು. ಬಡವರ ಮಗು, ಶ್ರೀಮಂತರ ಮಗು, ಅಜ್ಜಿ, ವ್ಯಾಪಾರಸ್ಥ, ಒಂದೇ ಕೈ ಉಳ್ಳವನು, ಕಣ್ಣು ಕಾಣದವನು, ಹೀಗೆ ಒಬ್ಬೊಬ್ಬರಿಗೆ ಒಪ್ಪುವ ಕೆಲಸವನ್ನು ಅವರವರ ಸ್ಥಿತಿ ನೋಡಿ ಸೂಚಿಸಿದರು. ತಯಾರಾದ ಪದಾರ್ಥ ಮುಖ್ಯವಲ್ಲ, ತಯಾರಾಗಬೇಕಾದದ್ದು ರೋಗಿಯೇ ಎಂಬುದು ಅವರ ನಿಲುವು. ಆದರೆ ಕಾಲಹರಣಕ್ಕಾಗಿ ಏನನ್ನೋ ಮಾಡಿಸಿ ಬಿಸಾಡುವುದನ್ನೂ ಅವರು ಮೆಚ್ಚಲಿಲ್ಲ. ಮಾಡಿದ ವಸ್ತು ಯಾರಿಗಾದರೂ ಬೇಕಾಗುವಂತಿರಬೇಕು. ಹಾಗಾದಾಗ ಮಾತ್ರ ಪಡೆಯುವವನು ಕೊಡುವವನೂ ಆಗುತ್ತಾನೆ.

ಇಲ್ಲಿ ಆಕ್ಷೇಪವೊಂದು ಏಳುವುದು ಸಹಜ. ನೋವಿನಲ್ಲಿರುವವರಿಂದ ಕೆಲಸ ಮಾಡಿಸುವುದು ನಿರ್ದಯೆಯಲ್ಲವೇ? ಆಕ್ಷೇಪಕ್ಕೆ ಚರಿತ್ರೆಯ ಆಧಾರವೂ ಇದೆ. ಹತ್ತೊಂಬತ್ತನೆಯ ಶತಮಾನದ ಅನೇಕ ಮಾನಸಿಕ ಆಸ್ಪತ್ರೆಗಳು ಚಿಕಿತ್ಸೆಯೆಂಬ ಹೆಸರಿಟ್ಟು ರೋಗಿಗಳಿಂದ ಹೊಲ ಉಳಿಸಿದವು, ಬಟ್ಟೆ ಒಗೆಸಿದವು, ಅಡಿಗೆ ಮಾಡಿಸಿದವು. ಉಳಿತಾಯವಾದದ್ದು ಆಸ್ಪತ್ರೆಗೆ. ಹೀಗೆ ದುಡಿಯುವ ರೋಗಿಗಳಿಗೂ ಕಾನೂನಿನಂತೆ ಕೂಲಿ ಸಲ್ಲಬೇಕೆಂದು ಅಮೆರಿಕದ ಫೆಡರಲ್ ನ್ಯಾಯಾಲಯವೊಂದು ತೀರ್ಪು ನೀಡಿದ್ದು 1973ರಷ್ಟು ತಡವಾಗಿ. ಒಂದೇ ಸೂಜಿ, ಒಂದೇ ನೂಲು. ಒಂದು ಕಡೆ ಔಷಧ, ಇನ್ನೊಂದು ಕಡೆ ಜೀತ. ಎರಡನ್ನೂ ಬೇರ್ಪಡಿಸುವುದು ಕೆಲಸದ ಸ್ವರೂಪವಲ್ಲ, ಅದರ ಲಾಭ ಯಾರಿಗೆ ಎಂಬುದು.

ಲಾಭದ ಮಾತು ಬಂದಾಗ ಅದೇ ಮ್ಯಾಸಚೂಸೆಟ್ಸಿನ ಮಾರ್ಬಲ್‌ಹೆಡ್ ಎಂಬ ಕಡಲತೀರದ ಊರಿನ ಕಥೆಯನ್ನು ಹೇಳದಿರಲಾಗದು. ಡಾ. ಹರ್ಬರ್ಟ್ ಹಾಲ್ ಎಂಬ ವೈದ್ಯರು 1904ರಲ್ಲಿ ಅಲ್ಲಿ ನರರೋಗಿಗಳಿಗಾಗಿ ಕರಕುಶಲ ಕಾರ್ಯಾಗಾರ ತೆರೆದರು. ನೇಯ್ಗೆ, ಮರಗೆಲಸಗಳ ಜೊತೆಗೆ ಕುಂಬಾರಿಕೆಯೂ ಇತ್ತು. ಕುಂಬಾರಿಕೆ ಕಲಿಸಲು ಆರ್ಥರ್ ಬ್ಯಾಗ್ಸ್ ಎಂಬ ತರುಣ ಬಂದರು. ಆತ ನಿಜವಾದ ಕಲಾವಿದ. ಕುಡಿಕೆ, ಹೂದಾನಿಗಳು ಸುಂದರವಾದವು, ಗಿರಾಕಿಗಳು ಬಂದರು, ಬೇಡಿಕೆ ಏರಿತು. ಬೇಡಿಕೆ ಏರಿದಂತೆ ನಡುಗುವ ಕೈಗಳಿಗೆ ಅಲ್ಲಿ ಜಾಗವಿಲ್ಲವಾಯಿತು! ಕೆಲವೇ ವರ್ಷಗಳಲ್ಲಿ ಕುಂಬಾರಶಾಲೆ ಆಸ್ಪತ್ರೆಯಿಂದ ಪ್ರತ್ಯೇಕಗೊಂಡು ಸ್ವತಂತ್ರ ಉದ್ಯಮವಾಯಿತು; 1915ರಲ್ಲಿ ಬ್ಯಾಗ್ಸ್ ಅದನ್ನು ಕೊಂಡುಕೊಂಡರು. ಆ ಪಾತ್ರೆಗಳಿಗೆ ಇಂದಿಗೂ ಹರಾಜಿನಲ್ಲಿ ಒಳ್ಳೆಯ ಬೆಲೆಯಿದೆ. ಯಾರೂ ಇಲ್ಲಿ ಮೋಸ ಮಾಡಲಿಲ್ಲ, ಯಾರಿಗೂ ದುರುದ್ದೇಶವಿರಲಿಲ್ಲ. ವ್ಯಾಪಾರದ ದೃಷ್ಟಿಯಿಂದ ನಡೆದದ್ದೆಲ್ಲವೂ ಸರಿಯೇ. ಆದರೂ ಯಾರಿಗಾಗಿ ಆರಂಭವಾಯಿತೋ ಅವರೇ ಹೊರಗುಳಿದರು. ಧರ್ಮಕಾರ್ಯಕ್ಕೆಂದು ಸ್ಥಾಪಿಸಿದ ಸಂಸ್ಥೆ ಯಶಸ್ಸು ಕಂಡಾಗ ಏನಾಗುತ್ತದೆಂಬುದನ್ನು ಟ್ರಸ್ಟುಗಳನ್ನು ನಡೆಸುವವರು ಈ ಉದಾಹರಣೆಯಲ್ಲಿ ನೋಡಬಹುದು. ನಷ್ಟವಾದಾಗ ಎಲ್ಲರೂ ಲೆಕ್ಕ ಕೇಳುತ್ತಾರೆ. ಲಾಭವಾದಾಗ ಕೇಳಬೇಕಾದ ಲೆಕ್ಕವನ್ನು ಕೇಳುವವರಿರುವುದಿಲ್ಲ.

ಟ್ರೇಸಿಯವರು ಕುಂಬಾರಶಾಲೆ ಕಟ್ಟಲಿಲ್ಲ. 1912ರಲ್ಲಿ ಆಡಮ್ಸ್ ಆಸ್ಪತ್ರೆಯನ್ನು ಬಿಟ್ಟು, ಬೇರೆ ಬೇರೆ ಆಸ್ಪತ್ರೆಗಳ ದಾದಿಯರಿಗೆ ತಮ್ಮ ವಿದ್ಯೆಯನ್ನು ಕಲಿಸುತ್ತ ಹೋದರು. 1917ರ ಮಾರ್ಚಿಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಈ ಚಿಕಿತ್ಸಾಪದ್ಧತಿಯ ಮೊದಲ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಸಭೆ ನಡೆದದ್ದು ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿಯ ಮನೆಯಲ್ಲಿ. ಕ್ಷಯ, ಕಾಲಿನ ಶಸ್ತ್ರಚಿಕಿತ್ಸೆ, ಅರ್ಧಾಂಗದ ಜಡತೆ ಇವೆಲ್ಲವನ್ನೂ ಅನುಭವಿಸಿ, ಕೈಕೆಲಸದಿಂದಲೇ ಮೇಲೆದ್ದ ಮನುಷ್ಯ ಅವರು. ಸ್ಥಾಪಕರ ಪಟ್ಟಿಯಲ್ಲಿ ಟ್ರೇಸಿಯವರ ಹೆಸರಿದೆ. ಸಭೆಯಲ್ಲಿ ಅವರು ಇರಲಿಲ್ಲ. ಪಾಠದ ಹೊಣೆಯನ್ನು ಬಿಟ್ಟು ಬರಲಾಗಲಿಲ್ಲ. ಸ್ಥಾಪನಾ ಸಮಾರಂಭಗಳ ಮುಂದಿನ ಸಾಲಿನ ಕುರ್ಚಿಗಾಗಿ ನಡೆಯುವ ಪ್ರಯತ್ನಗಳನ್ನು ಕಂಡವರಿಗೆ ಈ ಗೈರುಹಾಜರಿ ಗೌರವಾರ್ಹವಾಗಿ ತೋರೀತು.

ಈ ವಿದ್ಯೆ ಭಾರತಕ್ಕೆ ಬಂದುದು ಕಮಲಾ ನಿಂಬಕರ್ ಅವರ ಮೂಲಕ. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ಮರಾಠಿ ಮನೆತನದ ಸೊಸೆಯಾಗಿ ಬಂದ ಅವರು, ನಡುವಯಸ್ಸಿನಲ್ಲಿ ಮತ್ತೆ ಹೋಗಿ ಈ ಶಿಕ್ಷಣ ಪಡೆದು, 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ತರಬೇತಿ ಶಾಲೆಯನ್ನು ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಸಂಘವೂ ಹುಟ್ಟಿತು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಆಕ್ಯುಪೇಷನಲ್ ಥೆರಪಿ ಎಂಬ ಫಲಕ ಕಾಣುವುದು ಅಪರೂಪವೇನಲ್ಲ. ಅದು ಈಗ ಬುಟ್ಟಿ ಹೆಣೆಯುವುದಕ್ಕೆ ಸೀಮಿತವಲ್ಲ. ಪಾರ್ಶ್ವವಾಯುವಾದವರು ಮತ್ತೆ ತಾವೇ ಗುಂಡಿ ಹಾಕಿಕೊಳ್ಳುವುದು, ತುತ್ತು ಎತ್ತುವುದು, ಸ್ನಾನ ಮಾಡುವುದು ಇವೆಲ್ಲ ಅದರ ವ್ಯಾಪ್ತಿಗೆ ಬಂದಿವೆ.

ಆದರೆ ಹೆಚ್ಚಿನ ರೋಗಿಗಳು ಆಸ್ಪತ್ರೆಯಲ್ಲಿಲ್ಲ, ಮನೆಯಲ್ಲಿದ್ದಾರೆ. ಪರ್ವದಿನಗಳಲ್ಲಿ ಆಸ್ಪತ್ರೆಗೆ ಹೋಗಿ ಹಾಲು ಹಣ್ಣು ಹಂಚಿ ಬರುವುದು ಒಳ್ಳೆಯದೇ, ಅದನ್ನು ಬಿಡಬೇಕಾಗಿಲ್ಲ. ಅದಕ್ಕಿಂತ ಕಷ್ಟವಾದುದು ಮನೆಯೊಳಗಿದೆ. ಐವತ್ತು ವರ್ಷ ಅಡಿಗೆಮನೆಯನ್ನು ಆಳಿದ ಅಜ್ಜಿಗೆ ಬಿದ್ದು ಸೊಂಟದ ಮೂಳೆ ಮುರಿಯಿತೆಂದಿಟ್ಟುಕೊಳ್ಳಿ. ಮಗ ಒಳ್ಳೆಯವನು, ಸೊಸೆಯೂ ಒಳ್ಳೆಯವಳು. ದಿನಕ್ಕೆ ನಾಲ್ಕು ಸಲ ಬಂದು, "ನೀವು ಏನೂ ಮಾಡಬೇಡಿ ಅಮ್ಮಾ, ಸುಮ್ಮನೆ ಮಲಗಿರಿ" ಎನ್ನುತ್ತಾರೆ. ಒಂದು ವಾರ ಅದು ಆದರ. ಆರು ತಿಂಗಳಾದರೆ ಅದೇ ಮಾತು, ನಿಮ್ಮ ಅಗತ್ಯ ಈ ಮನೆಗಿಲ್ಲವೆಂಬ ಅರ್ಥ ಕೊಡತೊಡಗುತ್ತದೆ. ಜೀವವಿದ್ದೀತೆಂಬ ಭಯದಿಂದ ಧಾನ್ಯವನ್ನು ಕಾಳುಕಾಳಾಗಿ ನೋಡಿ ಆರಿಸುವ ಕಣ್ಣು ಆ ಮನೆಯಲ್ಲಿ ಅವರಿಗಿದ್ದಷ್ಟು ಇನ್ನಾರಿಗೂ ಇಲ್ಲ. ಮೊರದಲ್ಲಿ ಒಂದು ಸೇರು ಅಕ್ಕಿಯನ್ನು ಮಂಚದ ಬಳಿ ತಂದಿಟ್ಟರೆ ಆರಿಸಲು ಅವರಿಗೆ ಒಂದು ಗಂಟೆ ಬೇಕಾದೀತು. ಸೊಸೆ ಹತ್ತು ನಿಮಿಷದಲ್ಲಿ ಮುಗಿಸಿಯಾಳು. ಬಂಧುಗಳು ನೋಡಿ, ಮುದುಕಿಯ ಕೈಲಿ ದುಡಿಸುತ್ತಾರೆಂದು ಆಡಿಕೊಂಡಾರು ಎಂಬ ಅಂಜಿಕೆಯೂ ಉಂಟು.

ಆ ಅಕ್ಕಿಯಲ್ಲಿ ಅನ್ನ ಮಾಡಿ, "ಇಂದು ಆರಿಸಿದವರು ನೀವೇ" ಎಂದು ಹೇಳಿ ಮೊದಲ ತಟ್ಟೆಯನ್ನು ಅಜ್ಜಿಯ ಮುಂದಿಡಲು ಸೊಸೆಗೆ ಆ ಐವತ್ತು ನಿಮಿಷಗಳನ್ನು ಕಾಯುವ ತಾಳ್ಮೆ ಬೇಕು.