ಸಭಾಂಗಣದಲ್ಲಿ ಪ್ರಾರ್ಥನೆ

ದೇವರನ್ನು ಉದ್ದೇಶಿಸಿ ಹುಟ್ಟಿದ ಹಾಡನ್ನು ಹಣ ತೆತ್ತು ಬಂದು ಕುಳಿತ ರಸಿಕರ ಮುಂದೆ ಹಾಡಿದರೆ ಅದು ಪ್ರಾರ್ಥನೆಯಾಗಿಯೇ ಉಳಿಯುವುದೋ, ಬರಿಯ ಕಲೆಯಾಗಿಬಿಡುವುದೋ ಎಂಬ ಪ್ರಶ್ನೆ ಸಕಲ ಮತಗಳ ಸಂಗೀತಕ್ಕೂ ಸಲ್ಲತಕ್ಕದ್ದೇ ಆದರೂ, ಅಮೆರಿಕದ ಕಪ್ಪು ಜನಾಂಗದ ಸಂಗೀತ ರಚನಕಾರರನ್ನು ಕಾಡಿದಷ್ಟು ತೀಕ್ಷ್ಣವಾಗಿ ಅದು ಇತರರನ್ನು ಕಾಡಿರುವುದು ವಿರಳ. ‘ಸ್ಪಿರಿಚುಯಲ್’ ಎಂದು ಹೆಸರಾದ ಅವರ ಭಕ್ತಿಗೀತಗಳು ಗುಲಾಮಗಿರಿಯ ಕಾಲದಲ್ಲಿ, ಕರ್ತೃವಿನ ಹೆಸರಿಲ್ಲದೆ, ಸಮುದಾಯದ ಕಂಠದಿಂದ ಮೂಡಿದುವು. 1871ರಲ್ಲಿ ನ್ಯಾಶ್‌ವಿಲ್ ನಗರದ ಫಿಸ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಋಣಭಾರದಿಂದ ಕುಸಿಯುತ್ತಿದ್ದ ತಮ್ಮ ಸಂಸ್ಥೆಗಾಗಿ ಧನಸಂಗ್ರಹಕ್ಕೆಂದು ಗಾಯನಯಾತ್ರೆ ಹೊರಟಾಗ, ತಮ್ಮ ತಾಯಿತಂದೆಗಳಿಗೆ ಪವಿತ್ರವಾಗಿದ್ದ ಈ ಹಾಡುಗಳನ್ನು ಪರರೆದುರು ಹಾಡಲು ಮೊದಮೊದಲು ಸಂಕೋಚಪಟ್ಟರೆಂಬುದೇ ನಮ್ಮ ಪ್ರಶ್ನೆಯ ಪ್ರಾಚೀನತೆಗೆ ಸಾಕ್ಷಿ.

ಹ್ಯಾರಿ ಬರ್ಲೀ (1866–1949) ಅವರು ಗುಲಾಮರಾಗಿದ್ದು ಬಿಡುಗಡೆ ಪಡೆದ ತಮ್ಮ ಅಂಧ ತಾತನ ಬಾಯಿಂದ ಈ ಹಾಡುಗಳನ್ನು ಕಲಿತು, ನ್ಯೂಯಾರ್ಕಿನ ನ್ಯಾಷನಲ್ ಕನ್ಸರ್ವೇಟರಿಯಲ್ಲಿ ಓದುತ್ತಿದ್ದಾಗ ಅದರ ನಿರ್ದೇಶಕರಾಗಿದ್ದ ಬೊಹೀಮಿಯದ ಡ್ವೊರ್ಜಾಕ್‌ಗೆ ಹಾಡಿ ಕೇಳಿಸಿ, ಮುಂದೆ ಪಿಯಾನೊ ಸಹಿತವಾದ ಏಕಗಾಯನಕ್ಕೆ ಒಪ್ಪುವಂತೆ ಸಂಸ್ಕರಿಸಿ ಕಛೇರಿಯ ವೇದಿಕೆಗೆ ತಂದರು. ಅವರೇ 1894ರಿಂದ 52 ವರ್ಷಗಳ ಕಾಲ ಸೇಂಟ್ ಜಾರ್ಜ್ ಚರ್ಚಿನ ಗಾಯಕರೂ ಆಗಿದ್ದರು. ಭಾನುವಾರ ಆರಾಧನೆಯಲ್ಲಿ ತೊಡಗಿದ್ದ ಕಂಠ ಮತ್ತೊಂದು ದಿನ ರಂಗವನ್ನೇರಿತೆಂಬ ಮಾತ್ರಕ್ಕೆ ಅದರ ಭಕ್ತಿ ನಷ್ಟವಾಯಿತೆನ್ನಲು ಮನಸ್ಸು ಒಪ್ಪದು.

ಆದರೂ ಪ್ರತಿವಾದವನ್ನು ಲಘುವಾಗಿ ಎಣಿಸಲಾಗದು. ಅದೇ ಜನಾಂಗದ ಲೇಖಕಿ, ಜಾನಪದ ಸಂಗ್ರಾಹಕಿ ಜೋರಾ ನೀಲ್ ಹರ್ಸ್ಟನ್ 1934ರ ಪ್ರಬಂಧವೊಂದರಲ್ಲಿ ಸಭಾಂಗಣದ ಸ್ಪಿರಿಚುಯಲ್ ನಿಜವಾದ ಸ್ಪಿರಿಚುಯಲ್ಲೇ ಅಲ್ಲವೆಂದು ವಾದಿಸಿದರು: ಭಕ್ತರ ಸಮೂಹದಲ್ಲಿ ಹಾಡು ಒಮ್ಮೆ ಇದ್ದಂತೆ ಇನ್ನೊಮ್ಮೆ ಇರದು, ಬರೆದಿಟ್ಟ ಸ್ವರಲಿಪಿಯಾದರೋ ಅದನ್ನು ಒಂದೇ ರೂಪದಲ್ಲಿ ಕಟ್ಟಿಹಾಕುತ್ತದೆ.

ಈ ಮಾತು ರೂಪದ ಮಟ್ಟಿಗೆ ಸತ್ಯ. ಪ್ರಾರ್ಥನೆಯ ಪ್ರಾಣ ರೂಪದಲ್ಲಿದೆಯೆ? ರೂಪವನ್ನು ಕಳೆದುಕೊಂಡೂ ಬದುಕುವುದನ್ನು ಈ ಸಂಗೀತ ಸೆರೆಯಲ್ಲಿಯೇ ಕಲಿತಿತ್ತು. 1739ರಲ್ಲಿ ಗುಲಾಮರೆದ್ದ ಸ್ಟೋನೋ ದಂಗೆಯ ತರುವಾಯ ಸೌತ್ ಕ್ಯಾರೊಲಿನಾ 1740ರ ಶಾಸನದಿಂದ ಗುಲಾಮರಿಗೆ ಡೋಲನ್ನು ನಿಷೇಧಿಸಿತು. ಡೋಲಿಲ್ಲದೆಡೆ ತೊಡೆ, ಎದೆ, ಅಂಗೈಗಳೇ ತಾಳ ಹಿಡಿದುವು. ಹಾಗೆ ಮೈಯನ್ನೇ ವಾದ್ಯವಾಗಿಸಿಕೊಂಡ ‘ಜೂಬ’ ನೃತ್ಯದ ಲಯವನ್ನು ಫ್ಲಾರೆನ್ಸ್ ಪ್ರೈಸ್ ತಮ್ಮ ಇ ಮೈನರ್ ಸಿಂಫನಿಯ ಮೂರನೆಯ ಭಾಗಕ್ಕೆ ತಂದರು. 1933ರಲ್ಲಿ ಷಿಕಾಗೊ ಸಿಂಫನಿ ವಾದ್ಯವೃಂದ ಅದನ್ನು ನುಡಿಸಿತು. ಕಪ್ಪು ಮಹಿಳೆಯೊಬ್ಬರ ಸಿಂಫನಿಗೆ ಅಮೆರಿಕದ ಪ್ರಮುಖ ವಾದ್ಯವೃಂದದಲ್ಲಿ ಸ್ಥಾನ ದೊರೆತದ್ದು ಅದೇ ಮೊದಲು.

ಅಲ್ಲದೆ ಈ ಹಾಡುಗಳು ದೇವರೊಬ್ಬನಿಗೇ ಎಂದೂ ಮೀಸಲಾಗಿರಲಿಲ್ಲ. ಐಗುಪ್ತದ ಸೆರೆಯಿಂದ ಮೋಶೆ ತನ್ನ ಜನರನ್ನು ಹೊರತಂದ ಕಥೆ ದೇವರಿಗೆ ತಿಳಿಯದ್ದಲ್ಲ. ಪಕ್ಕದಲ್ಲಿ ದುಡಿಯುತ್ತಿದ್ದವನಿಗೆ ಭರವಸೆಯಾಗಲೆಂದೂ ಅದನ್ನು ಹಾಡಿದರು. 1937ರಲ್ಲಿ ಸಿನ್ಸಿನಾಟಿಯ ಉತ್ಸವದಲ್ಲಿ ಅದೇ ಜನಾಂಗದ ರಚನಕಾರ ನಥಾನಿಯಲ್ ಡೆಟ್ ಅವರ ‘ದಿ ಆರ್ಡರಿಂಗ್ ಆಫ್ ಮೋಸಸ್’ ಅದೇ ಕಥೆಯನ್ನು ಮೇಳಗಾಯನಕ್ಕೂ ವಾದ್ಯವೃಂದಕ್ಕೂ ವಿಸ್ತರಿಸಿದಾಗ, ಸೆರೆಯನ್ನು ಕಟ್ಟಿದವರ ಸಂತತಿಗೂ ಅದನ್ನು ಕೇಳುವ ಪ್ರಸಂಗ ಬಂದಿತು, ಅಷ್ಟೆ. ಹಾಡುವವನು ಮೊದಲ ಶ್ರೋತೃವನ್ನು ಮರೆಯದಿರುವ ತನಕ ಸಭಾಂಗಣದಲ್ಲಿಯೂ ಪ್ರಾರ್ಥನೆ ಪ್ರಾರ್ಥನೆಯೇ. ಮರೆತನೆಂದರೆ ಚರ್ಚಿನೊಳಗೂ ಅದು ಬರಿಯ ಕಛೇರಿ. ಕೇಳುವವನಿಗೂ ಒಂದು ಹೊಣೆಯುಂಟು: ಆ ಮೊರೆಯಲ್ಲಿರುವ ನ್ಯಾಯದ ಬೇಡಿಕೆ ತನ್ನನ್ನೂ ಕುರಿತದ್ದೆಂದು ಅರಿಯದೆ, ಮಾಧುರ್ಯವನ್ನಷ್ಟೇ ಸವಿದು ಎದ್ದುಹೋದರೆ, ಪ್ರಾರ್ಥನೆಯನ್ನು ಮನರಂಜನೆಗಿಳಿಸಿದ ದೋಷ ರಚನಕಾರನದಲ್ಲ, ಅವನದೇ.