ಬ್ಯಾಕ್ಟೀರಿಯಾದ ಬಾಲ ದೇವರಿಗೆ ಸಾಕ್ಷಿಯೇ?

ನಮ್ಮ ಕರುಳಿನಲ್ಲೇ ಬಾಳುವ ಇ. ಕೋಲಿ ಬ್ಯಾಕ್ಟೀರಿಯಾ ಈಜುವ ಬಗೆಯನ್ನು ಅರಿತವರಿಗೆ ದೇವರ ನೆನಪಾದರೆ ಅದರಲ್ಲಿ ಆಶ್ಚರ್ಯವಿಲ್ಲ. ಒಂದೆರಡು ಮೈಕ್ರಾನ್ ಉದ್ದದ ಅದರ ಮೈಯಿಂದ ಕಶಾಂಗ ಎನ್ನುವ ಕೆಲವು ತೆಳು ಎಳೆಗಳು ಹೊರಟಿರುತ್ತವೆ. ಅವು ಮೀನಿನ ಬಾಲದ ಹಾಗೆ ಬಳುಕುವುದಿಲ್ಲ, ಬುಡದಲ್ಲಿರುವ ಮೋಟಾರಿನಿಂದ ಗಿರ್ರನೆ ತಿರುಗುತ್ತವೆ. ಹೊವರ್ಡ್ ಬರ್ಗ್ ಮತ್ತು ರಾಬರ್ಟ್ ಆಂಡರ್ಸನ್ 1973ರಲ್ಲಿ ಇದನ್ನು ವಾದಿಸಿದರು. ಮರುವರ್ಷ ಮೈಕೇಲ್ ಸಿಲ್ವರ್‌ಮನ್ ಮತ್ತು ಮೆಲ್ವಿನ್ ಸೈಮನ್ ಕಶಾಂಗವನ್ನು ಗಾಜಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಎಳೆ ಅಲುಗದೆ ಬ್ಯಾಕ್ಟೀರಿಯಾದ ಇಡೀ ಮೈಯೇ ಸುತ್ತತೊಡಗಿತ್ತು. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ.

ತಿರುಗುವುದಕ್ಕಿಂತ ದೊಡ್ಡ ಸೋಜಿಗ ಆ ತಿರುಗಾಟದ ಹತೋಟಿ. ಮಾಟ್-ಎ, ಮಾಟ್-ಬಿ ಎಂಬ ಪ್ರೋಟೀನುಗಳ ನಡುವಿನ ಹಾದಿಯಲ್ಲಿ ಪ್ರೋಟಾನುಗಳು ಕೋಶದೊಳಕ್ಕೆ ನುಗ್ಗುವಾಗ ಸಿಗುವ ಬಲದಿಂದ ಮೋಟಾರಿನ ಬಳೆ ಸೆಕೆಂಡಿಗೆ ನೂರಾರು ಸುತ್ತು ಹಾಕಬಲ್ಲದು. ಅಪ್ರದಕ್ಷಿಣವಾಗಿ ತಿರುಗಿದರೆ ಎಳೆಗಳೆಲ್ಲ ಒಂದು ಕಟ್ಟಾಗಿ ಹೆಣೆದುಕೊಂಡು ಕೋಶ ನೇರ ಸಾಗುತ್ತದೆ. ಪ್ರದಕ್ಷಿಣವಾಗಿ ತಿರುಗಿದರೆ ಕಟ್ಟು ಬಿಚ್ಚಿ ಕೋಶ ಪಲ್ಟಿ ಹೊಡೆದು ಬೇರೆ ದಿಕ್ಕಿಗೆ ಮುಖಮಾಡುತ್ತದೆ. ಯಾವ ಕ್ಷಣ ಏನಾಗಬೇಕೆಂಬುದು ಕೀ-ವೈ ಎಂಬ ಪುಟ್ಟ ಪ್ರೋಟೀನಿನ ಮೇಲೆ ನಿಂತಿದೆ. ಹೊರಗೆ ಆಹಾರ ಕಡಿಮೆಯಾದರೆ ಪೊರೆಯಲ್ಲಿರುವ ಗ್ರಾಹಕಗಳು ಕೀ-ಎ ಎಂಬ ಪ್ರೋಟೀನನ್ನು ಎಚ್ಚರಿಸುತ್ತವೆ. ಅದು ಕೀ-ವೈಗೆ ಫಾಸ್ಫೇಟ್ ಕೊಡುತ್ತದೆ, ಫಾಸ್ಫೇಟ್ ಹೊತ್ತ ಕೀ-ವೈ ಮೋಟಾರಿಗೆ ಅಂಟಿ ದಿಕ್ಕು ಬದಲಿಸುತ್ತದೆ, ಕೀ-ಜೆಡ್ ಬಂದು ಆ ಫಾಸ್ಫೇಟನ್ನು ಕಿತ್ತುಹಾಕುತ್ತದೆ. ಗ್ರಾಹಕಗಳಿಗೆ ಮೀಥೈಲ್ ಗುಂಪುಗಳನ್ನು ಸೇರಿಸುವ, ತೆಗೆಯುವ ಇನ್ನೆರಡು ಪ್ರೋಟೀನುಗಳಿವೆ. ಕೆಲವು ಸೆಕೆಂಡುಗಳ ಹಿಂದೆ ಆಹಾರ ಎಷ್ಟಿತ್ತೆಂಬ ಗುರುತು ಉಳಿಯುವುದು ಇವುಗಳಿಂದ. ಮಿದುಳಿಲ್ಲದ ಜೀವಿಯಲ್ಲಿ ನೆನಪಿನಂಥದ್ದೊಂದು ಕೆಲಸ ಮಾಡುತ್ತಿದೆ!

ಇಂಥದ್ದನ್ನು ಕಂಡಾಗ ರಚನೆಯಿದ್ದಲ್ಲಿ ರಚಿಸಿದವನೂ ಇರಲೇಬೇಕು ಎನ್ನುವ ತರ್ಕ ತಾನಾಗಿ ಏಳುತ್ತದೆ. ಅಮೆರಿಕದ ಮೈಕೇಲ್ ಬೀಹಿ 1996ರ ತಮ್ಮ ಪುಸ್ತಕದಲ್ಲಿ, ಒಂದು ಬಿಡಿಭಾಗ ತೆಗೆದರೂ ಕಶಾಂಗ ಕೆಲಸಕ್ಕೆ ಬಾರದು, ಹಾಗಾಗಿ ಅದು ಹಂತಹಂತವಾಗಿ ವಿಕಾಸಗೊಂಡಿರಲಾರದು ಎಂದರು. ತರ್ಕದ ಬೇರು ನಮ್ಮಲ್ಲಿಯೂ ಹಳೆಯದು. ಮಡಕೆಗೆ ಕುಂಬಾರನಿರುವಂತೆ ಕಾರ್ಯವಾದ ಜಗತ್ತಿಗೂ ಕರ್ತನಿರಬೇಕೆಂದು ನೈಯಾಯಿಕ ಉದಯನ ನ್ಯಾಯಕುಸುಮಾಂಜಲಿಯಲ್ಲಿ ವಾದಿಸಿದ. ಜಡವಾದ ಪ್ರಧಾನವೇ ಜಗತ್ತಾಯಿತೆಂಬ ಸಾಂಖ್ಯರನ್ನು ಖಂಡಿಸುವಾಗ ಶಂಕರರೂ ಅರಮನೆ, ಮಂಚಗಳನ್ನು ಬುದ್ಧಿಯುಳ್ಳ ಶಿಲ್ಪಿಗಳೇ ಮಾಡುವುದನ್ನು ಎತ್ತಿ ತೋರಿಸುತ್ತಾರೆ. ಆದರೂ ಕಶಾಂಗ ಈ ಭಾರವನ್ನು ಹೊರಲಾರದು ಎಂದೇ ನನ್ನ ವಾದ. ಅದನ್ನು ಹೊರಿಸಬೇಕಾದ ಅಗತ್ಯ ಶ್ರದ್ಧೆಗೂ ಇಲ್ಲ.

ಬಿಡಿಭಾಗಗಳಿಗೆ ಬೇರೆ ಕಡೆ ಬೇರೆ ಕೆಲಸವಿದೆ ಎಂಬುದೇ ಮೊದಲ ಸಾಕ್ಷ್ಯ. ಮಾಟ್ ಪ್ರೋಟೀನುಗಳ ದಾಯಾದಿಗಳು ಎಷ್ಟೋ ಬ್ಯಾಕ್ಟೀರಿಯಾಗಳ ಹೊರಪೊರೆಯ ಸಾಗಣೆಗೆ ಶಕ್ತಿ ಒದಗಿಸುತ್ತವೆ. ಕಶಾಂಗ ಕಟ್ಟಲು ನೆರವಾಗುವ ಒಂದು ಕಿಣ್ವ ಎಟಿಪಿ ತಯಾರಿಸುವ ಕಿಣ್ವದ ಬಳಗಕ್ಕೆ ಸೇರಿದ್ದು. ರೋಗಕಾರಕಗಳು ನಮ್ಮ ಕೋಶಗಳಿಗೆ ವಿಷದ ಪ್ರೋಟೀನು ಚುಚ್ಚುವ ಸೂಜಿಯಂಥ ಅಂಗಕ್ಕೆ ಕಶಾಂಗದ ಬುಡದ ಹಲವು ಭಾಗಗಳೇ ಸಾಕು. ಆ ಸೂಜಿ ಹುಟ್ಟಿದ್ದೇ ಕಶಾಂಗದಿಂದ, ಅದು ಪೂರ್ವಜನಾಗಲಾರದು ಎಂದು ಆಕ್ಷೇಪಿಸಬಹುದು. ಆಕ್ಷೇಪದ ಮೊದಲ ಭಾಗವನ್ನು ವಂಶಾವಳಿಯ ಅಧ್ಯಯನಗಳೂ ಬೆಂಬಲಿಸುತ್ತವೆ, ಒಪ್ಪೋಣ. ಆದರೆ ಬೀಹಿಯವರ ಮಾತು ಬಿದ್ದುಹೋಗಲು ಪೂರ್ವಜನೇ ಬೇಕಿಲ್ಲ. ಅರ್ಧ ಯಂತ್ರವೂ ಉಪಯೋಗಕ್ಕೆ ಬರುತ್ತದೆಂದು ತೋರಿಸಿದರೆ ಸಾಕು, ಸೂಜಿ ಅದನ್ನು ತೋರಿಸುತ್ತದೆ. 2015ರ ಒಂದು ಪ್ರಯೋಗದಲ್ಲಿ ಕಶಾಂಗದ ಮುಖ್ಯ ನಿಯಂತ್ರಕ ಜೀನನ್ನೇ ಕಳೆದುಕೊಂಡ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಗಳು, ಸಾರಜನಕದ ಬಳಕೆಯನ್ನು ನಿಯಂತ್ರಿಸುವ ಇನ್ನೊಂದು ಪ್ರೋಟೀನನ್ನು ಆ ಜಾಗಕ್ಕೆ ಒಗ್ಗಿಸಿಕೊಂಡು 96 ಗಂಟೆಗಳಲ್ಲಿ ಮತ್ತೆ ಈಜಿದವು. ಅಲ್ಲಿ ಹೊಸ ಕಶಾಂಗವೇನೂ ಹುಟ್ಟಲಿಲ್ಲ. ಆದರೂ ಕುರುಡು ರೂಪಾಂತರ ಮತ್ತು ಆಯ್ಕೆ ಇಷ್ಟು ಬೇಗ ಇಂಥ ಮರುಜೋಡಣೆ ಮಾಡಬಲ್ಲವು ಎನ್ನುವುದು ಸಣ್ಣ ಸಂಗತಿಯಲ್ಲ.

ಇದೆಲ್ಲ ನಾಸ್ತಿಕರ ವಾದವೆಂದು ತಳ್ಳಿಹಾಕುವವರು ರಾಮಾನುಜರನ್ನು ಓದಬೇಕು. ಮೇಲುಕೋಟೆಯಲ್ಲಿ ನೆಲೆಸಿ ಚೆಲುವನಾರಾಯಣನ ಸೇವೆ ಮಾಡಿದ ಈ ಆಚಾರ್ಯರಿಗಿಂತ ದೊಡ್ಡ ಆಸ್ತಿಕರನ್ನು ಎಲ್ಲಿ ಹುಡುಕುವುದು? ಶ್ರೀಭಾಷ್ಯದಲ್ಲಿ, ಶಾಸ್ತ್ರದಿಂದಲೇ ಬ್ರಹ್ಮನನ್ನು ಅರಿಯಬೇಕೆಂಬ ಸೂತ್ರದ ಕೆಳಗೆ, ಅವರು ಕುಂಬಾರನ ತರ್ಕವನ್ನು ಎಳೆಎಳೆಯಾಗಿ ಬಿಡಿಸುತ್ತಾರೆ. ಮಡಕೆ, ಗೋಡೆಗಳನ್ನು ಬೇರೆಬೇರೆ ಕಾಲದಲ್ಲಿ ಬೇರೆಬೇರೆಯವರು ಮಾಡುವುದನ್ನು ಕಾಣುತ್ತೇವೆ. ಭೂಮಿ, ಸಮುದ್ರಗಳನ್ನು ಒಬ್ಬನೇ, ಒಂದೇ ಸಲ ಮಾಡಿದನೆಂದು ಯಾವ ಆಧಾರದಿಂದ ಹೇಳುವುದು? ಕುಂಬಾರನ ಹೋಲಿಕೆಯನ್ನು ಕೊನೆತನಕ ಎಳೆದರೆ ಸಿಗುವವನು ದೇಹವುಳ್ಳ, ಮಿತಿಗಳುಳ್ಳ ಕರ್ತನೇ ಹೊರತು ಪರಬ್ರಹ್ಮನಲ್ಲ. ಕಶಾಂಗಕ್ಕೆ ಈ ಟೀಕೆ ಅಕ್ಷರಶಃ ತಾಗುತ್ತದೆ. ಜಠರದ ಲೋಳೆಯನ್ನು ಸೀಳಿಕೊಂಡು ಹೋಗಿ ಹುಣ್ಣು ಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿಗೂ ಕಶಾಂಗಗಳಿವೆ. ಮೋಟಾರಿನ ಜಾಣ್ಮೆಯನ್ನು ದೇವರ ಲೆಕ್ಕಕ್ಕೆ ಬರೆದರೆ ಆ ಹುಣ್ಣನ್ನೂ ಅದೇ ಲೆಕ್ಕಕ್ಕೆ ಬರೆಯಬೇಕಾಗುತ್ತದೆ.

ಪ್ರೋಟಾನು ಹರಿಯುವ, ಪ್ರೋಟೀನು ಮಡಚಿಕೊಳ್ಳುವ ನಿಯಮಗಳನ್ನಾದರೂ ಯಾರು ಇಟ್ಟರು ಎಂದು ಕೇಳುವವರಿದ್ದಾರೆ. ಅದು ಘನವಾದ ಪ್ರಶ್ನೆಯೇ, ನಾನು ತಳ್ಳಿಹಾಕುವುದಿಲ್ಲ. ಆದರೆ ಅದು ಒಂದು ಕಲ್ಲು ಬೀಳುವುದರ ಬಗ್ಗೆಯೂ ಅಷ್ಟೇ ಬಲವಾಗಿ ನಿಲ್ಲುವ ಪ್ರಶ್ನೆ. ಕಶಾಂಗದಿಂದ ಅದಕ್ಕೆ ಹೊಸ ಬಲವೇನೂ ಬರುವುದಿಲ್ಲ. ಪೆನ್ಸಿಲ್ವೇನಿಯಾದ ಡೋವರ್ ಊರಿನ ಶಾಲೆಗಳ ಮೊಕದ್ದಮೆಯಲ್ಲಿ 2005ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್, ಬೀಹಿಯವರಂಥವರ ಈ ‘ಬುದ್ಧಿಯುತ ವಿನ್ಯಾಸ’ದ ವಾದ ವಿಜ್ಞಾನವಲ್ಲ ಎಂದು ತೀರ್ಪಿತ್ತರು. ಈ ಮೋಟಾರಿನ ಚಿತ್ರವನ್ನು ದೇವರ ಇರವಿಗೆ ಪುರಾವೆಯೆಂದು ಇಂದಿಗೂ ಹಂಚುತ್ತಿರುವ ಆಸ್ತಿಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಹಂಚುವ ಮುನ್ನ ಶ್ರೀಭಾಷ್ಯದ ಆ ಅಧಿಕರಣವನ್ನೊಮ್ಮೆ ಓದಿ.