ಪಾರ್ಕ್ ಮಾಡಿದ ಮಾತು

ಬಳೆ ಒಡೆದರೆ ನಮ್ಮಜ್ಜಿ ‘ಬಳೆ ಹೆಚ್ಚಿತು’ ಅಂತಾಳೆ. ದೇವರ ದೀಪ ಆರಿಸು ಅನ್ನಲ್ಲ, ‘ದೊಡ್ಡದು ಮಾಡು’ ಅಂತಾಳೆ. ಮನೆಯಿಂದ ಹೊರಟವರು ‘ಹೋಗ್ತೀನಿ’ ಅನ್ನಲ್ಲ, ‘ಹೋಗಿ ಬರ್ತೀನಿ’. ಹೇಳಿದ್ದು ಒಂದು, ಅರ್ಥ ಇನ್ನೊಂದು. ಆದರೂ ಇದನ್ನ ಯಾರೂ ಸುಳ್ಳು ಅನ್ನಲ್ಲ, ಯಾಕಂದ್ರೆ ಕೇಳಿಸಿಕೊಂಡವರಿಗೂ ನಿಜ ಗೊತ್ತು. ಅಪ್ಪ ‘ನೋಡೋಣ’ ಅಂದರೆ ಆಗಲ್ಲ ಅಂತ ಐದು ವರ್ಷದ ಮಗುವಿಗೂ ತಿಳಿಯುತ್ತೆ.

ಆದರೆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಒಳಾರ್ಥ ಗೊತ್ತಿದ್ದರೆ? ಆಗಲೂ ಅದು ಸುಳ್ಳಲ್ಲವಾ? ಆಫೀಸಿನ ಇಂಗ್ಲಿಷ್ ಕೇಳಿದಾಗಲೆಲ್ಲ ನನಗೆ ಇದೇ ಪ್ರಶ್ನೆ.

ಹುಳಿಮಾವಿನಲ್ಲಿ ನಾನಿದ್ದ ಪಿಜಿಗೆ ಹೊಸದುರ್ಗದ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಬನ್ನೇರುಘಟ್ಟ ರಸ್ತೆಯ ಒಂದು ಆಫೀಸಿನಲ್ಲಿ ಕೆಲಸ. ಅವಳ ಅಪ್ಪನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಚಿತ್ರದುರ್ಗಕ್ಕೆ ಕರ್ಕೊಂಡು ಹೋಗೋನು ತಮ್ಮ, ಸೆಕೆಂಡ್ ಪಿಯುಸಿ, ಕ್ಲಾಸು ತಪ್ಪುತ್ತಿತ್ತು. ವಾರದಲ್ಲಿ ಮೂರು ದಿನ ಊರಿಂದಲೇ ಕೆಲಸ ಮಾಡೋಕೆ ಬಿಡಿ ಅಂತ ಇವಳು ಮ್ಯಾನೇಜರ್‌ನ ಕೇಳಿದಳು. ಆತ ‘ಲೆಟ್ಸ್ ಪಾರ್ಕ್ ದಿಸ್ ಫಾರ್ ನೌ’ ಅಂದ. ಇವಳು ಎರಡು ತಿಂಗಳು ಕಾದಳು.

‘ಪಾರ್ಕ್ ಮಾಡಿದ ಗಾಡೀನ ವಾಪಸ್ ಬಂದು ತಗೊಂಡು ಹೋಗ್ತಾರಲ್ವಾ ಅಕ್ಕ?’

ತರ್ಕ ಸರಿಯಾಗೇ ಇತ್ತು. ಮ್ಯಾನೇಜರ್ ಕನ್ನಡದವನೇ, ಕಾಫಿ ಹೊತ್ತಲ್ಲಿ, ಕ್ಯಾಬ್ ಡ್ರೈವರ್ ಜೊತೆ ಕನ್ನಡವೇ ಅಂತೆ. ‘ಆಗಲ್ಲಮ್ಮ’ ಅನ್ನೋ ಒಂದು ಪದ ಸಾಕಿತ್ತು. ಆದರೆ ‘ಆಗಲ್ಲಮ್ಮ’ ಅಂದ್ರೆ ‘ಯಾಕೆ ಸರ್?’ ಬರುತ್ತೆ, ಮುಖ ನೋಡಿ ಉತ್ತರ ಹೇಳಬೇಕಾಗುತ್ತೆ. ಪಾರ್ಕಿಂಗ್‌ನಲ್ಲಿ ಆ ತಾಪತ್ರಯ ಇಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟಹಾಗೆ. ಈ ದೀಪದ ಬೆಳಕು ಪೂರ್ತಿ ಒಂದೇ ಕಡೆ ಬಿದ್ದಿತ್ತು ಅಷ್ಟೇ.

ಬೆಂಗಳೂರಿಗೆ ಬಂದ ಮೇಲೆ ಕಲೀಬೇಕು, ಗೊತ್ತಾಗದಿದ್ರೆ ಕೇಳಬೇಕು ಅಂತೀರಾ? ಹತ್ತು ಜನರ ಮೀಟಿಂಗ್‌ನಲ್ಲಿ ಕೇಳಿ ನೋಡಿ. ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಬರುತ್ತಿದ್ದ ಕಾಲದಲ್ಲಿ ಜನ ತಮ್ಮದೇ ಭಾಷೆಯ ಪದಗಳ ಅರ್ಥ ಕೇಳಿ ಬರೀತಿದ್ದರು. 107 ವರ್ಷ ಬಾಳಿದ ನಮ್ಮ ಜಯನಗರದ ಜಿ. ವೆಂಕಟಸುಬ್ಬಯ್ಯನವರು ಉತ್ತರಿಸುತ್ತಿದ್ದರು. ಕೇಳೋದು ಅವಮಾನ ಆಗಿರಲಿಲ್ಲ. ಇಂಗ್ಲಿಷಿಗೆ ನಾವು ಆ ಸೌಲಭ್ಯ ಕೊಟ್ಟಿಲ್ಲ. ಬಾಲ್‌ಪಾರ್ಕ್ ಫಿಗರ್, ಕರ್ವ್‌ಬಾಲ್ ಎಲ್ಲ ಅಮೆರಿಕದ ಬೇಸ್‌ಬಾಲ್ ಮಾತು. ಆ ಆಟದ ಮೈದಾನವನ್ನೇ ನೋಡದ, ಗಲ್ಲಿ ಕ್ರಿಕೆಟ್ ಆಡಿ ಬೆಳೆದ ನಾವು ಹುಟ್ಟಿನಿಂದಲೇ ಗೊತ್ತಿತ್ತು ಅನ್ನೋ ಹಾಗೆ ತಲೆಯಾಡಿಸ್ತೀವಿ. ಅರ್ಥ ಗೊತ್ತಿಲ್ಲದವರು ಕೇಳಲಾರರು ಅಂತ ಗೊತ್ತಿದ್ದೂ ಆಡಿದ ಮಾತಿನ ಹೊಣೆ ಆಡಿದವರದೇ ಅಂತ ನನ್ನ ವಾದ.

‘ನನಗೆ ಇವೆಲ್ಲ ಕಲಿಸಿಬಿಡಿ ಅಕ್ಕ’ ಅಂದಳು. ರಾತ್ರಿ ಊಟ ಆದಮೇಲೆ ಟೆರೇಸಿನಲ್ಲಿ ಪಾಠ. ಸ್ಲ್ಯಾಂಗ್ ಬೇಗ ಬಂತು. ಅದು ಜೊತೆಗೆ ನಗೋಕೆ ಇರೋ ಭಾಷೆ. ಬದಲಿಗೆ ಅವಳೂ ತನ್ನೂರಿನ ಬೈಗುಳ ಒಂದೆರಡು ಕಲಿಸಿದಳು, ಇಲ್ಲಿ ಬರೆಯುವಂಥವಲ್ಲ. ಸರ್ಕಲ್ ಬ್ಯಾಕ್, ಟೇಕ್ ಇಟ್ ಆಫ್‌ಲೈನ್, ಬ್ಯಾಂಡ್‌ವಿಡ್ತ್ ಇಲ್ಲ — ಇವುಗಳ ಅರ್ಥ ಹೇಳೋದು ಸುಲಭ. ಇವನ್ನ ಯಾರ ಮೇಲೆ ಬಳಸಬಾರದು ಅಂತ ಹೇಳೋದು ಹೇಗೆ? ಬೀಗದ ಕೈ ಕೊಟ್ಟಮೇಲೆ ಅವಳೂ ಬಾಗಿಲು ಹಾಕಬಹುದಲ್ಲ?

ತಿಂಗಳೊಳಗೆ ಒಂದು ರಾತ್ರಿ ತಮ್ಮನ ಫೋನ್ ಬಂತು. ಅಪ್ಪನ ಹೊಸ ರಿಪೋರ್ಟ್ ಬಗ್ಗೆ ಮಾತಾಡಬೇಕಿತ್ತಂತೆ. ಇವಳಿಗೆ ಸುಸ್ತು. ‘ಈಗ ಬ್ಯಾಂಡ್‌ವಿಡ್ತ್ ಇಲ್ಲ ಕಣೋ’ ಅಂದಳು.

ಸ್ಪೀಕರ್‌ನಲ್ಲಿ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನೆಟ್ ಇಲ್ವಾ ಅಕ್ಕ? ಸರಿ, ಬಂದ್ಮೇಲೆ ಮಾಡು. ನಾನು ಎದ್ದಿರ್ತೀನಿ.’

ಅವಳು ನನ್ನ ಮುಖ ನೋಡಿದಳು. ‘ನೆಟ್ ಇದೆ ಕಣೋ. ನಂಗೇ ಆಗ್ತಿಲ್ಲ.’

‘ಯಾಕಕ್ಕ?’

ಅವಳು ಫೋನ್ ಕಿವಿಗಿಟ್ಟುಕೊಂಡು ನೀರಿನ ಟ್ಯಾಂಕ್ ಕಡೆ ನಡೆದಳು. ನಾನು ಮಲಗೋಕೆ ಕೆಳಗಿಳಿದು ಬಂದಾಗಲೂ ಮಾತಾಡ್ತಾನೇ ಇದ್ದಳು.